ಸ್ಟೀರಾಯ್ಡ್ ಮಾತ್ರೆ ಶುರುವಾದ ದಿನವೇ ಮೂಳೆಯ ಆರೈಕೆಯೂ ಶುರುವಾಗಲಿ

ಸಂಧಿವಾತ, ಲೂಪಸ್, ಹತೋಟಿಗೆ ಬಾರದ ಆಸ್ತಮಾ, ನೆಫ್ರೋಟಿಕ್ ಸಿಂಡ್ರೋಮ್, ಪೆಂಫಿಗಸ್‌ನಂಥ ಚರ್ಮರೋಗ ಇರುವವರಿಗೆ, ಕಿಡ್ನಿ ಕಸಿ ಮಾಡಿಸಿಕೊಂಡವರಿಗೆ ವೈದ್ಯರು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಸ್ಟೀರಾಯ್ಡ್ ಬರೆಯಬೇಕಾಗುತ್ತದೆ. 1948ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ಮತ್ತು ಸಂಗಡಿಗರು ಸಂಧಿವಾತದಿಂದ ನರಳುತ್ತಿದ್ದ ಮಹಿಳೆಗೆ ಈ ಜಾತಿಯ ಔಷಧ ಕೊಟ್ಟಾಗ ಆಕೆ ಕೆಲವೇ ದಿನಗಳಲ್ಲಿ ಎದ್ದು ಓಡಾಡಿದರು. ಎರಡೇ ವರ್ಷಕ್ಕೆ ಆ ಕೆಲಸಕ್ಕೆ ನೊಬೆಲ್ ಬಂತು. ಜೀವ ಉಳಿಸುವ ಔಷಧ ಇದು, ಅನುಮಾನವೇ ಬೇಡ. ಆದರೆ ಇದೇ ಔಷಧ ದೀರ್ಘಕಾಲ ತೆಗೆದುಕೊಂಡವರ ಮೂಳೆ ಸದ್ದಿಲ್ಲದೆ ಸವೆಯುತ್ತದೆ. ಔಷಧಗಳಿಂದ ಮೂಳೆ ಸವೆಯುವ ಪ್ರಕರಣಗಳಲ್ಲಿ ಸ್ಟೀರಾಯ್ಡ್‌ನದೇ ಮೊದಲ ಸ್ಥಾನ.

ಬೇಸರದ ಸಂಗತಿಯೆಂದರೆ, ಈ ಹಾನಿಯನ್ನು ಬಹುಮಟ್ಟಿಗೆ ತಡೆಯಬಹುದು. ಆದರೂ ಸೊಂಟವೋ ಬೆನ್ನೋ ಮುರಿದ ಮೇಲೆಯೇ ಮೂಳೆಯ ಮಾತು ಏಳುವುದು ನಮ್ಮಲ್ಲಿ ಮಾಮೂಲಾಗಿದೆ. 'ನೋವು ಬಂದರೆ ನೋಡೋಣ' ಎನ್ನುವುದು ಇಲ್ಲಿ ನಡೆಯುವುದಿಲ್ಲ. ಮೂಳೆ ಸವೆಯುವಾಗ ನೋಯುವುದೇ ಇಲ್ಲ.

ಒಳಗೆ ಏನಾಗುತ್ತದೆ?

ಮೂಳೆ ಜೀವಂತ ಅಂಗ. ಹಳೆಯದನ್ನು ಕರಗಿಸುವ ಕೋಶಗಳು, ಹೊಸದನ್ನು ಕಟ್ಟುವ ಕೋಶಗಳು ಎರಡೂ ಅಲ್ಲಿ ಸದಾ ಕೆಲಸದಲ್ಲಿರುತ್ತವೆ. ಸ್ಟೀರಾಯ್ಡ್ ಬಂದಾಗ ಮೊದಲ ತಿಂಗಳುಗಳಲ್ಲಿ ಕರಗಿಸುವವುಗಳ ಕೈ ಜೋರಾಗುತ್ತದೆ, ಕಟ್ಟುವ ಕೋಶಗಳು ಕಡಿಮೆಯಾಗುತ್ತವೆ, ಇದ್ದವೂ ಬೇಗ ಸಾಯುತ್ತವೆ. ಗೋಡೆ ಕೆಡವುವ ಆಳುಗಳು ದಿನಾ ಬರುತ್ತಿದ್ದಾರೆ, ಗಾರೆಯವರು ಮಾತ್ರ ರಜೆ ಹಾಕಿದ್ದಾರೆ ಎಂದುಕೊಳ್ಳಿ. ಇದರ ಜೊತೆಗೆ ಕರುಳು ಊಟದಲ್ಲಿನ ಕ್ಯಾಲ್ಸಿಯಂ ಹೀರಿಕೊಳ್ಳುವುದು ತಗ್ಗುತ್ತದೆ, ಮೂತ್ರದಲ್ಲಿ ಹೆಚ್ಚು ಹೊರಹೋಗುತ್ತದೆ. ತೊಡೆಯ ಸ್ನಾಯು ಸೊರಗಿ ಬೀಳುವ ಸಾಧ್ಯತೆಯೂ ಹೆಚ್ಚುತ್ತದೆ.

ಸವೆತ ಅತಿ ವೇಗವಾಗಿ ನಡೆಯುವುದು ಮೊದಲ ಮೂರರಿಂದ ಆರು ತಿಂಗಳಲ್ಲಿ. ಮೂಳೆ ಮುರಿಯುವ ಅಪಾಯ ಮೂರು ತಿಂಗಳೊಳಗೇ ಏರತೊಡಗುತ್ತದೆ, ಸ್ಕ್ಯಾನಿನಲ್ಲಿ ಸಾಂದ್ರತೆ ಹೆಚ್ಚು ಇಳಿಯುವ ಮೊದಲೇ. ಮೊದಲ ಪೆಟ್ಟು ಬೀಳುವುದು ಬೆನ್ನುಮೂಳೆಗೆ. ಅಲ್ಲಿ ಒಂದರ ಮೇಲೊಂದಿರುವ ಮೂಳೆಯ ಬಿಲ್ಲೆಗಳು ಒಳಗೊಳಗೇ ಕುಸಿದರೂ ಎಷ್ಟೋ ಜನಕ್ಕೆ ಗೊತ್ತೇ ಆಗುವುದಿಲ್ಲ, 'ವಯಸ್ಸಾಯ್ತು, ಬೆನ್ನು ಬಾಗಿದೆ' ಎಂದು ಸುಮ್ಮನಾಗುತ್ತಾರೆ.

ಹೆಜ್ಜೆ 1: ಚೀಟಿಯಲ್ಲಿರುವುದು ಸ್ಟೀರಾಯ್ಡೇ ಎಂದು ಮೊದಲು ತಿಳಿದುಕೊಳ್ಳಿ

ಮಾತ್ರೆಯ ಸ್ಟ್ರಿಪ್ ತಿರುಗಿಸಿ ಔಷಧದ ಹೆಸರು ಓದಿ. ಪ್ರೆಡ್ನಿಸೊಲೋನ್, ಮೀಥೈಲ್ ಪ್ರೆಡ್ನಿಸೊಲೋನ್, ಡೆಫ್ಲಜಾಕಾರ್ಟ್, ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್ ಎಲ್ಲವೂ ಸ್ಟೀರಾಯ್ಡ್‌ಗಳೇ. ಮಿಲಿಗ್ರಾಂ ಸಂಖ್ಯೆ ಚಿಕ್ಕದಿದ್ದರೆ ಔಷಧವೂ ಸೌಮ್ಯ ಎಂದು ತಿಳಿಯಬೇಡಿ. 5 ಮಿ.ಗ್ರಾಂ ಪ್ರೆಡ್ನಿಸೊಲೋನ್, 4 ಮಿ.ಗ್ರಾಂ ಮೀಥೈಲ್ ಪ್ರೆಡ್ನಿಸೊಲೋನ್, 6 ಮಿ.ಗ್ರಾಂ ಡೆಫ್ಲಜಾಕಾರ್ಟ್, ಮುಕ್ಕಾಲು ಮಿ.ಗ್ರಾಂ ಡೆಕ್ಸಾಮೆಥಾಸೋನ್ ಹೆಚ್ಚುಕಡಿಮೆ ಒಂದೇ ಬಲದವು. ದಿನಕ್ಕೆ 2.5 ಮಿ.ಗ್ರಾಂ ಪ್ರೆಡ್ನಿಸೊಲೋನ್ ಅಥವಾ ಅದಕ್ಕೆ ಸಮನಾದ ಪ್ರಮಾಣವನ್ನು ಮೂರು ತಿಂಗಳಿಗಿಂತ ಹೆಚ್ಚು ಕಾಲ ತೆಗೆದುಕೊಳ್ಳುವ ವಯಸ್ಕರೆಲ್ಲರ ಮೂಳೆಯನ್ನೂ ಪರೀಕ್ಷಿಸಬೇಕು ಎನ್ನುತ್ತದೆ ಅಮೆರಿಕದ ಸಂಧಿರೋಗ ತಜ್ಞರ ಸಂಘದ 2022ರ ಮಾರ್ಗಸೂಚಿ. ಅಂದರೆ 5 ಮಿ.ಗ್ರಾಂನ ಅರ್ಧ ಮಾತ್ರೆಯವರೂ ಈ ಲೆಕ್ಕಕ್ಕೆ ಬರುತ್ತಾರೆ.

ಇನ್ಹೇಲರ್ ಬಳಸುವವರು ಹೆದರಿ ಅದನ್ನು ಬಿಡಬೇಡಿ, ಅದರಿಂದ ರಕ್ತಕ್ಕೆ ಸೇರುವ ಪ್ರಮಾಣ ಬಹಳ ಕಡಿಮೆ. ಬಳಸಿದ ಮೇಲೆ ಬಾಯಿ ಮುಕ್ಕಳಿಸಿ ಉಗುಳಿ. ಆದರೆ ವರ್ಷಕ್ಕೆ ಹಲವು ಸಲ ಉಬ್ಬಸ ಜೋರಾಗಿ ವಾರ, ಹತ್ತು ದಿನ ಮಾತ್ರೆ ನುಂಗುವವರು ಅವೆಲ್ಲವನ್ನೂ ಕೂಡಿಸಿ ವೈದ್ಯರಿಗೆ ಹೇಳಬೇಕು.

ಇಲ್ಲಿ ಒಂದು ಮಾತು ಒತ್ತಿ ಹೇಳಲೇಬೇಕು. ಮಂಡಿನೋವಿಗೆ, ಉಬ್ಬಸಕ್ಕೆ ಎಂದು ಹೆಸರು, ವಿವರ ಏನೂ ಬರೆಯದ ಪುಡಿ, ಗುಳಿಗೆ ಕೊಡುವವರು ಊರೂರಲ್ಲೂ ಇದ್ದಾರೆ. ಎರಡೇ ದಿನಕ್ಕೆ ನೋವು ಮಾಯವಾಗಿ, ಹಸಿವು ಹೆಚ್ಚಿ, ಕೆಲವು ತಿಂಗಳಲ್ಲಿ ಮುಖ ಊದಿಕೊಂಡರೆ ಅದರಲ್ಲಿ ಸ್ಟೀರಾಯ್ಡ್ ಬೆರೆತಿರುವ ಸಾಧ್ಯತೆ ಇದೆ. ಅಂಥದ್ದನ್ನು ಬಹುಕಾಲದಿಂದ ತಿನ್ನುತ್ತಿದ್ದರೆ ದಿಢೀರನೆ ನಿಲ್ಲಿಸದೆ, ಆ ಪೊಟ್ಟಣವನ್ನೇ ಕೈಯಲ್ಲಿ ಹಿಡಿದು ವೈದ್ಯರ ಬಳಿ ಹೋಗಿ.

ಹೆಜ್ಜೆ 2: ಹೆದರಿ ಮಾತ್ರೆ ಬಿಡಬೇಡಿ

ಇಷ್ಟು ಓದಿದ ಮೇಲೆ 'ನಾಳೆಯಿಂದಲೇ ಬಿಡ್ತೀನಿ' ಎನ್ನಿಸುವುದು ಸಹಜ. ದಯವಿಟ್ಟು ಹಾಗೆ ಮಾಡಬೇಡಿ. ಹೊರಗಿನಿಂದ ಸ್ಟೀರಾಯ್ಡ್ ಬರುತ್ತಿರುವಾಗ ಕಿಡ್ನಿಯ ಮೇಲಿರುವ ಅಡ್ರಿನಲ್ ಗ್ರಂಥಿ, ಕಾರ್ಟಿಸಾಲ್ ಎಂಬ ದೇಹದ ಸ್ವಂತ ಸ್ಟೀರಾಯ್ಡ್‌ನ ತಯಾರಿಯನ್ನು ತಗ್ಗಿಸಿಬಿಟ್ಟಿರುತ್ತದೆ. ಮಾತ್ರೆ ಒಮ್ಮೆಲೇ ನಿಂತರೆ ವಾಂತಿ, ವಿಪರೀತ ಸುಸ್ತು, ರಕ್ತದೊತ್ತಡ ಕುಸಿತ ಶುರುವಾಗಿ ಪ್ರಾಣಕ್ಕೇ ಕುತ್ತು ಬರಬಹುದು. ಮೂಲ ಕಾಯಿಲೆಯೂ ಕೆರಳುತ್ತದೆ. ನೀವು ಕೇಳಬೇಕಾದ ಪ್ರಶ್ನೆ ಇದು: 'ಡಾಕ್ಟ್ರೇ, ಡೋಸ್ ಇನ್ನೂ ಇಳಿಸಬಹುದಾ? ಇದರ ಬದಲು ಬೇರೆ ಔಷಧ ಇದೆಯಾ?' ಸಂಧಿವಾತದಲ್ಲಿ ಮೆಥೋಟ್ರೆಕ್ಸೇಟ್‌ನಂಥ ಔಷಧಗಳು ಹಿಡಿತ ಸಾಧಿಸಿದ ಮೇಲೆ ಸ್ಟೀರಾಯ್ಡ್ ಹಂತಹಂತವಾಗಿ ಇಳಿಸುವುದು ಸಾಮಾನ್ಯ. ಹಳೆ ಚೀಟಿ ತೋರಿಸಿ ಔಷಧದ ಅಂಗಡಿಯಿಂದ ತಾವೇ ತಂದು ವರ್ಷಗಟ್ಟಲೆ ನುಂಗುವವರಿಗೆ ಈ ಇಳಿಸುವ ಅವಕಾಶವೇ ತಪ್ಪಿಹೋಗುತ್ತದೆ.

ಹೆಜ್ಜೆ 3: ಮೂಳೆಯನ್ನು ಅಳೆಸಿ

ಬೇಕಾದ ಪರೀಕ್ಷೆಯ ಹೆಸರು ಡೆಕ್ಸಾ ಸ್ಕ್ಯಾನ್. ಸೊಂಟದ ಕೀಲು ಮತ್ತು ಬೆನ್ನಿನ ಕೆಳಭಾಗದ ಮೂಳೆ ಎರಡನ್ನೂ ನೋಡಬೇಕು. ಮೇಜಿನ ಮೇಲೆ ಸುಮ್ಮನೆ ಮಲಗಿದರಾಯಿತು, ಸೂಜಿ ಚುಚ್ಚುವುದಿಲ್ಲ, ವಿಕಿರಣವೂ ಅತಿ ಕಡಿಮೆ. ಚಿಕಿತ್ಸೆ ಶುರುವಾದ ಆರು ತಿಂಗಳೊಳಗೆ ಒಮ್ಮೆ ಮಾಡಿಸಿ, ಆಮೇಲೆ ವರ್ಷಕ್ಕೋ ಎರಡು ವರ್ಷಕ್ಕೋ ಮತ್ತೆ. ಸಾಧ್ಯವಿದ್ದಷ್ಟೂ ಅದೇ ಕೇಂದ್ರದ ಅದೇ ಯಂತ್ರದಲ್ಲಿ ಮಾಡಿಸಿದರೆ ಹೋಲಿಕೆ ಸರಿಯಾಗಿ ಸಿಗುತ್ತದೆ. ಉಚಿತ ಶಿಬಿರಗಳಲ್ಲಿ ಹಿಮ್ಮಡಿಯನ್ನು ಯಂತ್ರದಲ್ಲಿಟ್ಟು ಕೊಡುವ ವರದಿಯನ್ನು ಇದಕ್ಕೆ ಬದಲಿ ಎಂದು ನಂಬಬೇಡಿ.

ವರದಿಯಲ್ಲಿ 'ಟಿ ಸ್ಕೋರ್' ಎಂದಿರುತ್ತದೆ, ಆರೋಗ್ಯವಂತ ಯುವಜನರ ಮೂಳೆಗೆ ಹೋಲಿಸಿ ಕೊಡುವ ಅಂಕ ಅದು. ಮೈನಸ್ 2.5 ಅಥವಾ ಅದಕ್ಕೂ ಕೆಳಗಿದ್ದರೆ ಆಸ್ಟಿಯೋಪೊರೋಸಿಸ್, ಅಂದರೆ ಮೂಳೆ ಟೊಳ್ಳಾಗುವ ಕಾಯಿಲೆ. ಸ್ಟೀರಾಯ್ಡ್ ತೆಗೆದುಕೊಳ್ಳುವವರು ಮೈನಸ್ 1.8 ನೋಡಿ ನಿರಾಳವಾಗುವಂತಿಲ್ಲ, ಇವರ ಮೂಳೆ ಅದಕ್ಕಿಂತ ಒಳ್ಳೆಯ ಅಂಕದಲ್ಲೂ ಮುರಿಯುತ್ತದೆ. ಹಾಗಾಗಿಯೇ 40 ದಾಟಿದವರಿಗೆ ಫ್ರಾಕ್ಸ್ ಎಂಬ ಲೆಕ್ಕಾಚಾರವೂ ಬೇಕು. ವಯಸ್ಸು, ತೂಕ, ಧೂಮಪಾನ, ಹಿಂದೆ ಮೂಳೆ ಮುರಿದದ್ದು, ಅಪ್ಪ ಅಮ್ಮನಿಗೆ ಸೊಂಟ ಮುರಿದದ್ದು ಇವನ್ನೆಲ್ಲ ಸೇರಿಸಿ ಮುಂದಿನ 10 ವರ್ಷದಲ್ಲಿ ಮೂಳೆ ಮುರಿಯುವ ಸಾಧ್ಯತೆಯನ್ನು ಅದು ಹೇಳುತ್ತದೆ. ಭಾರತದವರಿಗೆ ಅದರ ಪ್ರತ್ಯೇಕ ಆವೃತ್ತಿ ಇದೆ. ದಿನಕ್ಕೆ 7.5 ಮಿ.ಗ್ರಾಂಗಿಂತ ಹೆಚ್ಚು ಪ್ರೆಡ್ನಿಸೊಲೋನ್ ತೆಗೆದುಕೊಳ್ಳುವವರಿಗೆ ಬಂದ ಉತ್ತರವನ್ನು ವೈದ್ಯರು ಇನ್ನಷ್ಟು ಏರಿಸಿ ಓದುತ್ತಾರೆ.

ಮನೆಯಲ್ಲೇ ಮಾಡಬಹುದಾದ ಅಳತೆಯೂ ಒಂದಿದೆ. ಚಪ್ಪಲಿ ಬಿಟ್ಟು ಗೋಡೆಗೆ ಹಿಮ್ಮಡಿ ತಾಗಿಸಿ ನೆಟ್ಟಗೆ ನಿಲ್ಲಿ, ತಲೆಯ ಮೇಲೆ ಗಟ್ಟಿರಟ್ಟಿನ ಪುಸ್ತಕ ಇಟ್ಟು ಮನೆಯವರಿಂದ ಪೆನ್ಸಿಲ್ ಗುರುತು ಹಾಕಿಸಿ, ಪಕ್ಕದಲ್ಲೇ ತಾರೀಖು ಬರೆಯಿರಿ. ಆರು ತಿಂಗಳಿಗೊಮ್ಮೆ ಅದೇ ಹೊತ್ತಿನಲ್ಲಿ, ಬೆಳಿಗ್ಗೆಯೇ ಆದರೆ ಒಳ್ಳೆಯದು, ಮತ್ತೆ ಅಳೆಯಿರಿ. ಎರಡು ಸೆಂಟಿಮೀಟರ್‌ಗಿಂತ ಹೆಚ್ಚು ಇಳಿದಿದ್ದರೆ, ಅಥವಾ ಯೌವನದಲ್ಲಿದ್ದ ಎತ್ತರಕ್ಕಿಂತ ನಾಲ್ಕು ಸೆಂಟಿಮೀಟರ್‌ಗೂ ಹೆಚ್ಚು ಕಡಿಮೆಯಾಗಿದ್ದರೆ ಬೆನ್ನುಮೂಳೆಯ ಎಕ್ಸ್‌ರೇ ಬೇಕು. ನೋವಿಲ್ಲದಿದ್ದರೂ ಬೇಕು.

ಹೆಜ್ಜೆ 4: ಕ್ಯಾಲ್ಸಿಯಂ ಲೆಕ್ಕ ತಟ್ಟೆಯಿಂದ ಶುರುವಾಗಲಿ

ದಿನಕ್ಕೆ 1000ದಿಂದ 1200 ಮಿ.ಗ್ರಾಂ ಕ್ಯಾಲ್ಸಿಯಂ ಗುರಿ. ಊಟ, ಮಾತ್ರೆ ಎರಡನ್ನೂ ಸೇರಿಸಿ ಇಷ್ಟು. ನಮ್ಮ ಅಡುಗೆಮನೆ ಈ ವಿಷಯದಲ್ಲಿ ಬಡವಾಗಿಲ್ಲ. ನೂರು ಗ್ರಾಂ ರಾಗಿಯಲ್ಲಿ 350 ಮಿ.ಗ್ರಾಂ ಆಸುಪಾಸು ಕ್ಯಾಲ್ಸಿಯಂ ಇದೆ, ಅದೇ ತೂಕದ ಪಾಲಿಶ್ ಅಕ್ಕಿಯಲ್ಲಿ ಹತ್ತಕ್ಕೂ ಕಡಿಮೆ. ಒಂದು ಲೋಟ ಹಾಲು ಅಥವಾ ಬಟ್ಟಲು ಮೊಸರು ಸುಮಾರು 240 ಕೊಡುತ್ತದೆ. ಒಂದು ದೊಡ್ಡ ಚಮಚ ಸಿಪ್ಪೆ ಸಹಿತ ಎಳ್ಳಿನಲ್ಲಿ ನೂರರಷ್ಟಿದೆ. ನುಗ್ಗೆಸೊಪ್ಪು, ದಂಟಿನ ಸೊಪ್ಪು, ಹುರುಳಿಕಾಳು ಇವೂ ಒಳ್ಳೆಯ ಮೂಲಗಳೇ. ಪಾಲಕ್‌ನಲ್ಲಿ ಕ್ಯಾಲ್ಸಿಯಂ ಇದ್ದರೂ ಆಕ್ಸಲೇಟ್ ಅದನ್ನು ಹಿಡಿದುಕೊಂಡು ದೇಹಕ್ಕೆ ಬಿಡುವುದಿಲ್ಲ. ರಾಗಿಯಲ್ಲೂ ಹೀರಿಕೆಗೆ ಅಡ್ಡಬರುವ ಫೈಟೇಟ್ ಇದೆ, ಮೊಳಕೆ ಕಟ್ಟಿಸಿ ಒಣಗಿಸಿ ಹಿಟ್ಟು ಮಾಡಿಸಿದರೆ ಅದು ಕಡಿಮೆಯಾಗುತ್ತದೆ. ಮಧ್ಯಾಹ್ನ ನುಗ್ಗೆಸೊಪ್ಪಿನ ಸಾರಿನ ಜೊತೆ ಮುದ್ದೆ, ಮೇಲೊಂದು ಬಟ್ಟಲು ಮೊಸರು, ರಾತ್ರಿ ಒಂದು ಲೋಟ ಹಾಲು ಇದ್ದರೆ ಗುರಿಯ ಮುಕ್ಕಾಲು ಭಾಗದ ಹತ್ತಿರ ಬಂದಿರುತ್ತೀರಿ. ಸ್ಟೀರಾಯ್ಡ್‌ನಿಂದ ಸಕ್ಕರೆ ಏರಿದವರು ಮುದ್ದೆಯ ಗಾತ್ರದ ಮೇಲೆ ಕಣ್ಣಿಡಬೇಕು. ಕಿಡ್ನಿ ಕಾಯಿಲೆ ಇರುವವರು ತಮ್ಮ ಪಥ್ಯವನ್ನು ತಜ್ಞರಿಂದಲೇ ಬರೆಸಿಕೊಳ್ಳಬೇಕು.

ಕೊರತೆ ಉಳಿದಷ್ಟಕ್ಕೆ ಮಾತ್ರೆ. ಸ್ಟ್ರಿಪ್ಪಿನ ಹಿಂದೆ 'ಕ್ಯಾಲ್ಸಿಯಂ ಕಾರ್ಬೊನೇಟ್ 1250 ಮಿ.ಗ್ರಾಂ' ಎಂದು ಕಂಡರೆ ಅದರಲ್ಲಿ ನಿಜವಾಗಿ ದೇಹಕ್ಕೆ ಲೆಕ್ಕವಾಗುವ ಕ್ಯಾಲ್ಸಿಯಂ 500 ಮಾತ್ರ. ಅದನ್ನೇ 'ಎಲಿಮೆಂಟಲ್ ಕ್ಯಾಲ್ಸಿಯಂ' ಎಂದು ಕೆಳಗೆ ಬರೆದಿರುತ್ತಾರೆ, ಆ ಅಂಕಿಯನ್ನೇ ಹಿಡಿಯಿರಿ. ದೇಹ ಒಂದೇ ಬಾರಿಗೆ 500ಕ್ಕಿಂತ ಹೆಚ್ಚನ್ನು ಚೆನ್ನಾಗಿ ಹೀರುವುದಿಲ್ಲ, ಎರಡು ಮಾತ್ರೆ ಬರೆದಿದ್ದರೆ ಎರಡು ಹೊತ್ತಿಗೆ ಹಂಚಿಕೊಳ್ಳಿ. ಕಾರ್ಬೊನೇಟ್ ಊಟದ ಜೊತೆಗೇ ಆಗಬೇಕು. ಗ್ಯಾಸ್ಟ್ರಿಕ್ ಮಾತ್ರೆ ಸದಾ ತೆಗೆದುಕೊಳ್ಳುವವರಿಗೆ ಕ್ಯಾಲ್ಸಿಯಂ ಸಿಟ್ರೇಟ್ ಹೆಚ್ಚು ಹೊಂದುತ್ತದೆ. ಥೈರಾಯ್ಡ್ ಮಾತ್ರೆಗೂ ಕ್ಯಾಲ್ಸಿಯಂಗೂ ನಾಲ್ಕು ಗಂಟೆ ಅಂತರವಿರಲಿ, ಕಬ್ಬಿಣದ ಮಾತ್ರೆಯನ್ನೂ ಬೇರೆ ಹೊತ್ತಿಗೆ ನುಂಗಿ. ಕಿಡ್ನಿ ಕಲ್ಲು ಆಗಿದ್ದವರು ಮೊದಲೇ ವೈದ್ಯರಿಗೆ ಹೇಳಿ.

ವಿಟಮಿನ್ ಡಿ ಇಲ್ಲದೆ ಇಷ್ಟೆಲ್ಲ ಕ್ಯಾಲ್ಸಿಯಂ ವ್ಯರ್ಥ. ಬಿಸಿಲಿಗೆ ಬರವಿಲ್ಲದ ನಾಡಿನಲ್ಲೂ ಕೊರತೆ ವ್ಯಾಪಕ. ಲೂಪಸ್ ಇರುವವರಿಗಂತೂ ಬಿಸಿಲೇ ಆಗಿಬರುವುದಿಲ್ಲ, ಅವರು ಮಾತ್ರೆಯನ್ನೇ ನಂಬಬೇಕು. ನಿತ್ಯದ ಅಗತ್ಯ 600ರಿಂದ 800 ಯೂನಿಟ್. ಕೊರತೆಯಿದ್ದರೆ 60,000 ಯೂನಿಟ್‌ನ ಸ್ಯಾಷೆ ಅಥವಾ ಕ್ಯಾಪ್ಸೂಲ್ ವಾರಕ್ಕೊಂದರಂತೆ ಕೆಲವು ವಾರ ಬರೆಯುತ್ತಾರೆ. ವಾರಕ್ಕೊಂದು ಎಂಬುದನ್ನು ದಿನಕ್ಕೊಂದು ಎಂದು ಓದಿಕೊಂಡು ನುಂಗಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಕಿಡ್ನಿಗೇ ಹಾನಿ. 'ಪ್ರತಿ ಭಾನುವಾರ' ಎಂದು ಡಬ್ಬದ ಮೇಲೆ ದೊಡ್ಡದಾಗಿ ಬರೆದಿಡಿ.

ಹೆಜ್ಜೆ 5: ಮೂಳೆಯ ಔಷಧ ಬೇಕೆಂದರೆ ಹಿಂಜರಿಯಬೇಡಿ

ಅಪಾಯ ಮಧ್ಯಮ ಅಥವಾ ಹೆಚ್ಚು ಇದ್ದವರಿಗೆ ಕ್ಯಾಲ್ಸಿಯಂ, ಡಿ ಎರಡೇ ಸಾಲವು. ಇಲ್ಲೇ ಬಹಳ ಜನ ಎಡವುತ್ತಾರೆ, 'ದಿನಾ ಕ್ಯಾಲ್ಸಿಯಂ ತಗೋತಿದ್ದೀನಲ್ಲ' ಎಂದು.

ಅಲೆಂಡ್ರೋನೇಟ್ 70 ಮಿ.ಗ್ರಾಂ ವಾರಕ್ಕೊಂದು ಮಾತ್ರೆ. ನುಂಗುವ ಕ್ರಮ ಕಟ್ಟುನಿಟ್ಟು. ಬೆಳಿಗ್ಗೆ ಎದ್ದೊಡನೆ ಖಾಲಿ ಹೊಟ್ಟೆಯಲ್ಲಿ, ಒಂದು ದೊಡ್ಡ ಲೋಟ ಬರೀ ನೀರಿನೊಂದಿಗೆ ನುಂಗಬೇಕು. ಕಾಫಿ, ಹಾಲು, ಬೇರೆ ಯಾವ ಮಾತ್ರೆಯೂ ಜೊತೆಗಿರಬಾರದು. ಮುಂದಿನ ಅರ್ಧ ಗಂಟೆ ಕೂತಿರಿ, ನಿಂತಿರಿ, ಓಡಾಡಿ, ಆದರೆ ಮತ್ತೆ ಮಲಗಬೇಡಿ. ಮಾತ್ರೆ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಅಲ್ಲೇ ಹುಣ್ಣಾಗುತ್ತದೆ. ಕಾಫಿಯಿಲ್ಲದೆ ಬೆಳಗೇ ಆಗದವರಿಗೆ ಆ ಅರ್ಧ ಗಂಟೆ ಕಷ್ಟವೇ, ಆದರೆ ಬೇಗ ಕುಡಿದರೆ ಔಷಧ ದೇಹ ಸೇರುವುದೇ ಇಲ್ಲ.

ನುಂಗಲಾಗದವರಿಗೆ ವರ್ಷಕ್ಕೊಮ್ಮೆ ರಕ್ತನಾಳದ ಮೂಲಕ ಕೊಡುವ ಜೊಲೆಡ್ರೋನಿಕ್ ಆಮ್ಲ ಇದೆ. ಮೊದಲ ಸಲ ಒಂದೆರಡು ದಿನ ಜ್ವರ, ಮೈಕೈ ನೋವು ಬರಬಹುದು, ಪ್ಯಾರಸಿಟಮಾಲ್ ಸಾಕಾಗುತ್ತದೆ. ಇದಕ್ಕೂ ಮುಂಚೆ ಕಿಡ್ನಿ ಪರೀಕ್ಷೆ, ವಿಟಮಿನ್ ಡಿ ಮಟ್ಟ ನೋಡಿರಬೇಕು. ಹಲ್ಲು ಕೀಳಿಸುವುದಿದ್ದರೆ ಚಿಕಿತ್ಸೆಗೆ ಮೊದಲೇ ಮುಗಿಸಿಕೊಳ್ಳಿ, ಈ ಔಷಧಗಳಿಂದ ಅಪರೂಪಕ್ಕೆ ದವಡೆಯ ಮೂಳೆ ಮಾಯದೆ ಉಳಿಯುವುದುಂಟು. ಈಗಾಗಲೇ ಬೆನ್ನುಮೂಳೆ ಕುಸಿದವರಿಗೆ ದಿನವೂ ಚುಚ್ಚಿಕೊಳ್ಳುವ ಟೆರಿಪ್ಯಾರಟೈಡ್ ಹೆಚ್ಚು ಫಲ ಕೊಡಬಹುದು, ಅದು ಹೊಸ ಮೂಳೆಯನ್ನೇ ಕಟ್ಟಿಸುತ್ತದೆ. ಮುಂದೆ ಮಗು ಬೇಕೆಂದಿರುವ ಹೆಣ್ಣುಮಕ್ಕಳು ಆ ವಿಷಯವನ್ನು ಔಷಧ ಆರಿಸುವ ಮೊದಲೇ ವೈದ್ಯರಿಗೆ ತಿಳಿಸಬೇಕು, ಅಲೆಂಡ್ರೋನೇಟ್ ಜಾತಿಯವು ಮೂಳೆಯಲ್ಲಿ ವರ್ಷಗಟ್ಟಲೆ ಉಳಿಯುತ್ತವೆ.

ಹೆಜ್ಜೆ 6: ಕಾಲಿಗೆ ಬಲ, ಮನೆಗೆ ಬೆಳಕು

ನೆಲದ ಮೇಲೆ ಕೂತವರು ಕೈಯೂರದೆ ಏಳಲಾಗುತ್ತಿಲ್ಲ, ಬಸ್ಸಿನ ಮೆಟ್ಟಿಲು ಹತ್ತಲು ಕಂಬಿ ಹಿಡಿದು ಎಳೆದುಕೊಳ್ಳಬೇಕು ಎಂದರೆ ಸ್ಟೀರಾಯ್ಡ್ ತೊಡೆಯ ಸ್ನಾಯುವನ್ನು ಸೊರಗಿಸಿರಬಹುದು. ದಿನಕ್ಕೆ ಅರ್ಧ ಗಂಟೆ ನಡಿಗೆ, ಜೊತೆಗೆ ಗಟ್ಟಿ ಕುರ್ಚಿಯಿಂದ ಕೈ ಆಸರೆಯಿಲ್ಲದೆ ಹತ್ತು ಸಲ ಏಳುವುದು, ಕೂರುವುದು. ಊಟದಲ್ಲಿ ಬೇಳೆ, ಕಾಳು, ಮೊಟ್ಟೆ ಸಾಕಷ್ಟಿರಲಿ. ಮೂಳೆ ಈಗಾಗಲೇ ತೆಳುವಾಗಿದ್ದರೆ ಸೂರ್ಯನಮಸ್ಕಾರ, ಪಶ್ಚಿಮೋತ್ತಾನಾಸನದಂತೆ ಬೆನ್ನು ಮುಂದಕ್ಕೆ ಬಾಗಿಸುವ ಆಸನ ಬಿಡಿ. ತುಂಬಿದ ಬಿಂದಿಗೆ, ಗ್ಯಾಸ್ ಸಿಲಿಂಡರ್ ಬಾಗಿ ಎತ್ತಲೇಬೇಡಿ.

ಬಚ್ಚಲಲ್ಲಿ ಜಾರದ ಮ್ಯಾಟ್, ಹಿಡಿಯಲು ಗೋಡೆಗೆ ಕಂಬಿ, ರಾತ್ರಿ ಬಾತ್‌ರೂಮಿನ ದಾರಿಯಲ್ಲಿ ದೀಪ ಇರಲಿ. ಮಲೆನಾಡು, ಕರಾವಳಿಯವರು ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಂಗಳವನ್ನು ಉಜ್ಜಿಸಿ. ಬೀಡಿ, ಸಿಗರೇಟು, ಮದ್ಯ ಮೂರೂ ಮೂಳೆಗೆ ಕೇಡು.

ತಡಮಾಡದೆ ವೈದ್ಯರಿಗೆ ತೋರಿಸಬೇಕಾದದ್ದು

ಭಾರ ಎತ್ತಿದಾಗಲೋ ಕೆಮ್ಮಿದಾಗಲೋ ಬೆನ್ನಿನಲ್ಲಿ ಒಮ್ಮೆಗೇ ಹಿಡಿದ ನೋವು ಬಿಲ್ಲೆ ಕುಸಿದದ್ದಿರಬಹುದು. ತೊಡೆಸಂದಿನಲ್ಲಿ ನಡೆದಾಗ ನೋವು, ಕುಂಟು ಬಂದರೆ ಸೊಂಟದ ಕೀಲಿನ ಮೂಳೆಗೆ ರಕ್ತ ಸಂಚಾರ ನಿಂತ ಕಾಯಿಲೆ ಇರಬಹುದು. ಸ್ಟೀರಾಯ್ಡ್‌ನ ಇನ್ನೊಂದು ಅಡ್ಡಪರಿಣಾಮ ಅದು. ಆರಂಭದಲ್ಲಿ ಎಕ್ಸ್‌ರೇಯಲ್ಲಿ ಕಾಣದೆ ಎಂಆರ್‌ಐನಲ್ಲಿ ಮಾತ್ರ ಸಿಗುತ್ತದೆ, ಆದ್ದರಿಂದ 'ಎಕ್ಸ್‌ರೇ ನಾರ್ಮಲ್' ಎಂದರೂ ನೋವು ಹೋಗದಿದ್ದರೆ ಮತ್ತೆ ಕೇಳಿ. ಅಲೆಂಡ್ರೋನೇಟ್ ವರ್ಷಗಟ್ಟಲೆ ತೆಗೆದುಕೊಂಡವರಿಗೆ ತೊಡೆಯ ನಡುಭಾಗದಲ್ಲಿ ಮಂದನೋವು ಶುರುವಾದರೂ ಹೇಳಬೇಕು.

ಸ್ಟೀರಾಯ್ಡ್ ನಿಂತ ಮೇಲೆ ಮೂಳೆ ಮುರಿಯುವ ಅಪಾಯ ನಿಧಾನವಾಗಿ ಇಳಿಯುತ್ತದೆ. ಆಗ ಮತ್ತೊಮ್ಮೆ ಡೆಕ್ಸಾ ಮಾಡಿಸಿ, ಮೂಳೆಯ ಔಷಧ ಮುಂದುವರಿಸುವುದೋ ಬಿಡುವುದೋ ವೈದ್ಯರೊಡನೆ ಕೂತು ತೀರ್ಮಾನಿಸಿ. ಆರು ತಿಂಗಳಿಗೊಮ್ಮೆ ಡೆನೊಸುಮ್ಯಾಬ್ ಎಂಬ ಮೂಳೆಯ ಔಷಧ ಚುಚ್ಚಿಸಿಕೊಳ್ಳುತ್ತಿರುವವರು ಮಾತ್ರ ಅದನ್ನು ತಾವಾಗಿ ನಿಲ್ಲಿಸಬಾರದು, ತಡವೂ ಮಾಡಬಾರದು. ಅದು ನಿಂತೊಡನೆ ಮೂಳೆ ವೇಗವಾಗಿ ಕರಗಿ ಬೆನ್ನಿನ ಬಿಲ್ಲೆಗಳು ಸಾಲಾಗಿ ಕುಸಿಯಬಹುದು, ಅದರ ಜಾಗಕ್ಕೆ ಬೇರೊಂದು ಔಷಧ ಬಂದೇ ತೀರಬೇಕು. ಮುಂದಿನ ಚುಚ್ಚುಮದ್ದಿನ ತಾರೀಖನ್ನು ಮನೆಯ ಕ್ಯಾಲೆಂಡರಿನಲ್ಲಿ ಇವತ್ತೇ ಗುರುತು ಹಾಕಿ.