'ಫುಲ್ಲಿ ಸಿಂಥೆಟಿಕ್' ಎಂಬ ಹಣೆಪಟ್ಟಿ ನಂಬಿ ಎಂಜಿನ್ ಆಯಿಲ್ ಕೊಳ್ಳಬೇಡಿ

ಈ ಹಣೆಪಟ್ಟಿಯ ಹಿಂದಿನ ಮೂಲ ಎಣ್ಣೆ ಕಚ್ಚಾತೈಲವನ್ನು ಚೆನ್ನಾಗಿ ಶುದ್ಧೀಕರಿಸಿದ ಗ್ರೂಪ್ 3ರದೋ, ರಾಸಾಯನಿಕವಾಗಿ ತಯಾರಿಸಿದ ಪಿಎಒ ಎಂಬ ಗ್ರೂಪ್ 4ರದೋ ಎನ್ನುವ ಜಗಳ ಅಂಗಡಿಕಟ್ಟೆಗೇ ಇರಲಿ. ಮ್ಯಾನ್ಯುಯಲ್ ತೆರೆದು 5ಡಬ್ಲ್ಯು-30ರಂಥ ಸ್ನಿಗ್ಧತೆಯ (ಎಣ್ಣೆಯ ಮಂದತೆಯ) ಗ್ರೇಡ್ ಮತ್ತು ಅಮೆರಿಕದ ಎಪಿಐ ಅಥವಾ ಯುರೋಪಿನ ಎಸಿಇಎ ಗುಣಮಟ್ಟದ ದರ್ಜೆ ಗುರುತಿಸಿಕೊಳ್ಳಿ. ಎಣ್ಣೆಯಲ್ಲೇ ಮುಳುಗಿರುವ ಕ್ಲಚ್ಚಿನ ಗೇರ್ ಬೈಕಿಗೆ ಜಪಾನಿನ ಜಾಸೊ ಮಾನದಂಡದ ಎಂಎ ಅಥವಾ ಎಂಎ2 ದರ್ಜೆ ಬೇಕು. ಕಾರಿನ ಆಯಿಲ್ ಸುರಿದರೆ ಆಗುಂಬೆಯ ತಿರುವಿನಲ್ಲಿ ಕ್ಲಚ್ ಜಾರೀತು.

ಆಮೇಲೆ ಆಯಿಲ್ ಕಂಪನಿಯ ಡೇಟಾ ಶೀಟ್ ನೋಡಿ. ಭಾರೀ ಬಿಸಿ ಮತ್ತು ಉಜ್ಜಾಟದಲ್ಲೂ ಉಳಿಯುವ ಸ್ನಿಗ್ಧತೆಯನ್ನು 150 ಡಿಗ್ರಿಯಲ್ಲಿ ಅಳೆದು ಹೇಳುವ ಎಚ್‌ಟಿಎಚ್‌ಎಸ್ 5ಡಬ್ಲ್ಯು-30ಕ್ಕೆ ಕನಿಷ್ಠ 2.9, 5ಡಬ್ಲ್ಯು-40ಕ್ಕೆ 3.5 ಮಿಲಿಪಾಸ್ಕಲ್-ಸೆಕೆಂಡ್ ಇರಬೇಕು. ಲೋಡ್ ಹೊತ್ತು ಹುಲಿಕಲ್ ಘಾಟಿ ಹತ್ತುವಾಗ ಬೇರಿಂಗ್ ಕಾಯುವುದು ಈ ಗುಣವೇ. ನೋಯಾಕ್ ಅಂಕಿ ಕಡಿಮೆಯಿದ್ದಷ್ಟೂ ಆಯಿಲ್ ಆವಿಯಾಗುವುದು ಕಡಿಮೆ. ಮೈನಸ್ 45 ಡಿಗ್ರಿಯ ಪೋರ್ ಪಾಯಿಂಟಿಗೆ (ಎಣ್ಣೆ ಹರಿಯಬಲ್ಲ ಕನಿಷ್ಠ ತಾಪಮಾನಕ್ಕೆ) ತೀರ್ಥಹಳ್ಳಿಯಲ್ಲೇನು ಕೆಲಸ?

ಮಳೆಗಾಲದಲ್ಲಿ ಬರೀ ಎರಡು ಮೂರು ಕಿಲೋಮೀಟರ್ ಓಡಿಸಿದರೆ ಎಂಜಿನ್ನಿನ ತೇವ ಆರದೆ ಆಯಿಲ್ ಮುಚ್ಚಳದಡಿ ಕೆನೆ ಕಟ್ಟುತ್ತದೆ. ವಾರಕ್ಕೊಮ್ಮೆ ಅರ್ಧ ಗಂಟೆ ಓಡಿಸಿ. ಡಿಪ್‌ಸ್ಟಿಕ್ಕಿನಲ್ಲೂ ಕೆನೆಯಿದ್ದರೆ ಕೂಲೆಂಟ್ ಸೋರಿಕೆ ಪರೀಕ್ಷಿಸಿ.