ಉಣ್ಣೆ ಗೊಂಬೆಯ ಹೊಟ್ಟೆಗೆ ಮೆರಿನೊ ಬೇಡ

ಉಣ್ಣೆಯ ಎಳೆಗಳನ್ನು ಸೂಜಿಯಿಂದ ಚುಚ್ಚಿ ಇಲ್ಲವೇ ಸೋಪುನೀರಿನಲ್ಲಿ ಉಜ್ಜಿ, ಒಂದಕ್ಕೊಂದು ಹೆಣೆದುಕೊಳ್ಳುವಂತೆ ಮಾಡಿ ಗೊಂಬೆ ತಯಾರಿಸುವ ನಮ್ಮ ಚಿಕ್ಕಮಗಳೂರಿನ ಗೆಳತಿಯರಿಗೆ ಒಂದು ಸಲಹೆ. ಮೆರಿನೊ ತಳಿಯ ಕುರಿಯ ನಯವಾದ, ದುಬಾರಿ ಉಣ್ಣೆಯನ್ನು ಗೊಂಬೆಯ ಹೊಟ್ಟೆಗೂ ತುರುಕುವುದು ಶುದ್ಧ ದುಂದು. ಕಂಬಳಿಗೆ ಬಳಸುವ ಒರಟು ಕುರಿ ಉಣ್ಣೆಯನ್ನು ತೊಳೆದು, ಚೆನ್ನಾಗಿ ಒಣಗಿಸಿ, ಒಳಗೆ ಬಿಗಿಯಾಗಿ ಸುತ್ತಿ. ಮೆರಿನೊ ಹೊರಪದರಕ್ಕೆ ಮಾತ್ರ ಸಾಕು. ಅಂಗಡಿಯ ಅಕ್ರಿಲಿಕ್ ನೂಲು ಬಿಸಿ ಸೋಪುನೀರಿನಲ್ಲಿ ಎಷ್ಟು ಉಜ್ಜಿದರೂ ಹೆಣೆದುಕೊಳ್ಳುವುದಿಲ್ಲ. ಅದರ ಎಳೆಗೆ ಉಣ್ಣೆಯಂತೆ ಒಂದಕ್ಕೊಂದು ಸಿಕ್ಕಿಕೊಳ್ಳುವ ಸಣ್ಣ ಹುರುಪೆಗಳಿಲ್ಲ.

ಆಕಾರ ಕೂರಿಸಲು 36 ಗೇಜ್ (ದಪ್ಪದ ಅಳತೆ) ಸೂಜಿ, ಮುಖದ ನಯಗೆಲಸಕ್ಕೆ 40. ಸಂಖ್ಯೆ ಏರಿದಂತೆ ಸೂಜಿ ಸಣ್ಣದಾಗುತ್ತದೆ. ಚುಚ್ಚಿದ ಕೋನದಲ್ಲಿಯೇ ಹೊರಗೆಳೆಯಿರಿ, ಒಳಗೆ ತಿರುಚಬೇಡಿ. ಹೋದ ಮಳೆಗಾಲದಲ್ಲಿ ಆನೆಮರಿಯ ಸೊಂಡಿಲು ತಿದ್ದುವಾಗ ಕರೆಗಂಟೆ ಕೇಳಿ ಕೈ ಓರೆಯಾಯಿತು, ಸೂಜಿಯ ತುದಿ ಟಕ್ಕೆಂದು ಒಳಗೇ ಮುರಿಯಿತು. ಬೆರಳಿಗೆ ಸಿಗಲಿಲ್ಲ. ಸೊಂಡಿಲನ್ನೇ ಕತ್ತರಿಸಿ ಎಸೆದೆ. ಮಗು ಬಾಯಿಗೆ ಹಾಕುವ ವಸ್ತುವಲ್ಲವೇ?

ಒದ್ದೆ ಮಾಡಿ ಹೆಣೆದ ಗೊಂಬೆಯನ್ನು ಈ ಥಂಡಿಯಲ್ಲಿ ಹೊರಗೆ ಒಣಗಿದಂತೆ ಕಂಡರೂ ನಂಬಬೇಡಿ. ಅಡುಗೆಮನೆಯ ತಕ್ಕಡಿಯಲ್ಲಿ ದಿನಾ ತೂಗಿ. ತೂಕ ಇಳಿಯುವುದು ನಿಂತ ಮೇಲೆ ಕಟ್ಟಿಡಿ.

ಮಾರುವವರು ಗಮನಿಸಿ: 2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಕೇಂದ್ರದ ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿಯಲ್ಲಿ ನೋಂದಾಯಿಸಿದ ಕುಶಲಕರ್ಮಿಗಳು ತಾವೇ ತಯಾರಿಸಿ ಮಾರುವ ಗೊಂಬೆಗಳಿಗೆ ವಿನಾಯಿತಿ ಇದೆ. ಮೇಳಕ್ಕೆ ಮಳಿಗೆ ಹಿಡಿಯುವ ಮೊದಲೇ ಆ ಕಚೇರಿಯ ಕುಶಲಕರ್ಮಿ ಗುರುತಿನ ಚೀಟಿ ಮಾಡಿಸಿಕೊಳ್ಳಿ.