ಮಗುವಿನ ಹಾಲಿನ ಬಾಟಲಿ: ಕೊಳ್ಳುವಾಗ, ತುಂಬುವಾಗ, ತೊಳೆಯುವಾಗ

ಮನೆಗೆ ಮಗು ಬಂದರೆ ಹಿಂದೆಯೇ ಬಾಟಲಿ, ಗಿಲಕಿ, ಟೀಥರ್, ಟಬ್ಬು ಅಂತ ಪ್ಲಾಸ್ಟಿಕ್ಕೂ ಬರುತ್ತದೆ. 'ಅದರಲ್ಲಿ ಕೆಮಿಕಲ್ ಇರುತ್ತಂತೆ' ಎಂದು ಯಾರಾದರೂ ಹೇಳಿದರೆ ಮುಗೀತು, ಅಮ್ಮನಿಗೆ ನಿದ್ದೆಯಿಲ್ಲ. ಆತಂಕ ಸುಮ್ನೆ ಹುಟ್ಟಿದ್ದಲ್ಲ. ಆದರೆ ಎಲ್ಲದಕ್ಕೂ ಒಂದೇ ಸಮ ಹೆದರಬೇಕಿಲ್ಲ. ಬಿಸಿ ಹಾಲು ಮುಟ್ಟುವ ವಸ್ತುವನ್ನು ಮೊದಲು ನೋಡಿ, ಮಗು ಚೀಪುವ ವಸ್ತುವನ್ನು ಆಮೇಲೆ. ಟಬ್ಬಿನ ಚಿಂತೆ ಬಿಡಿ.

ಮೊದಲು ಬಾಟಲಿಯ ತಳ ನೋಡಿ. ತ್ರಿಕೋನದೊಳಗೆ ಒಂದು ಅಂಕಿ ಇರುತ್ತದೆ. 5 ಇದ್ದರೆ ಅದು ಪಾಲಿಪ್ರೊಪಿಲೀನ್. ನೋಡಲು ತುಸು ಮಬ್ಬು, ಒತ್ತಿದರೆ ಸ್ವಲ್ಪ ಬಗ್ಗುತ್ತದೆ. 7 ಅಂದರೆ 'ಇತರೆ'. ಗಾಜಿನ ಹಾಗೆ ಹೊಳೆಯುವ ಹಳೆಯ ಗಟ್ಟಿ ಬಾಟಲಿಗಳು ಈ ಗುಂಪಿನ ಪಾಲಿಕಾರ್ಬೊನೇಟ್. ಅದನ್ನು ತಯಾರಿಸುವುದು ಬಿಪಿಎ ಎಂಬ ರಾಸಾಯನಿಕದಿಂದ. ಬಿಪಿಎ ದೇಹದೊಳಗೆ ಈಸ್ಟ್ರೋಜನ್ ಹಾರ್ಮೋನಿನಂತೆ ವರ್ತಿಸುತ್ತದೆ. ಹಾಗಾಗಿಯೇ ಯುರೋಪ್ 2011ರಲ್ಲಿ ಹಾಲಿನ ಬಾಟಲಿಗಳಲ್ಲಿ ಇದನ್ನು ನಿಷೇಧಿಸಿತು. ಮರುವರ್ಷ ಅಮೆರಿಕವೂ ತಡೆಯಿತು. ನಮ್ಮಲ್ಲೂ ಬಾಟಲಿಗೆ ಐಎಸ್‌ಐ ಗುರುತು ಕಡ್ಡಾಯ. ಅದರ ಮಾನದಂಡ ಐಎಸ್ 14625 ಬಿಪಿಎ ಇರಕೂಡದು ಎನ್ನುತ್ತದೆ. ಗುರುತಿನ ಜೊತೆಗಿರುವ ಸಿಎಂ/ಎಲ್ ಸಂಖ್ಯೆಯನ್ನು, ಅಂದರೆ ಪರವಾನಗಿ ಸಂಖ್ಯೆಯನ್ನು, 'ಬಿಐಎಸ್ ಕೇರ್' ಆ್ಯಪ್‌ನಲ್ಲಿ ಹಾಕಿದರೆ ಗುರುತು ಅಸಲಿಯೋ ಅಲ್ಲವೋ ಗೊತ್ತಾಗುತ್ತದೆ. ಅಂಗಡಿಯಲ್ಲೇ ನೋಡಿಬಿಡಿ. ನನಗೆ ಜಾಸ್ತಿ ಚಿಂತೆ ಇರುವುದು ಹೊಸ ಬಾಟಲಿ ಬಗ್ಗೆ ಅಲ್ಲ. ಅಕ್ಕನ ಮಗುವಿನದು ಚೆನ್ನಾಗೇ ಇದೆಯಲ್ಲ ಎಂದು ಅಟ್ಟದಿಂದ ಇಳಿಸುತ್ತಾರಲ್ಲ, ಅದರ ಬಗ್ಗೆ.

ಇನ್ನು ಹಾಲು ತುಂಬುವ ಕೆಲಸ. ಇಲ್ಲಿ ತುಂಬಾ ಎಚ್ಚರ ಬೇಕು. ಪಾಲಿಪ್ರೊಪಿಲೀನ್ ಬಾಟಲಿಯಲ್ಲಿ ಬಿಸಿನೀರು ಹಾಕಿ ಕುಲುಕಿದರೆ ಕಣ್ಣಿಗೆ ಕಾಣದ ಪ್ಲಾಸ್ಟಿಕ್ ಕಣಗಳು ಉದುರುತ್ತವೆ. ಡಬ್ಲಿನ್‌ನ ಟ್ರಿನಿಟಿ ಕಾಲೇಜಿನವರು 2020ರಲ್ಲಿ ಪರೀಕ್ಷಿಸಿದಾಗ ಒಂದು ಲೀಟರಿಗೆ 1.6 ಕೋಟಿವರೆಗೂ ಕಣಗಳು ಸಿಕ್ಕವು. ನೀರು ಬಿಸಿಯಾದಷ್ಟೂ ಕಣ ಜಾಸ್ತಿ. ಹಾಗಂತ ತಣ್ಣೀರಲ್ಲಿ ಮಗುವಿನ ಹಾಲಿನ ಪುಡಿ ಕಲಸಬೇಡಿ. ಪುಡಿಯಲ್ಲೂ ರೋಗಾಣು ಇರಬಹುದು, ನೀರು 70 ಡಿಗ್ರಿಗಿಂತ ಕಡಿಮೆ ಇರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ದಾರಿ ಸುಲಭ. ಸ್ಟೀಲ್ ಪಾತ್ರೆಯಲ್ಲಿ ನೀರು ಕುದಿಸಿ. ಕುದಿಸಿ ತೆಗೆದ ಸ್ಟೀಲ್ ಲೋಟದಲ್ಲೇ ಪುಡಿ ಕಲಸಿ. ಉಗುರುಬೆಚ್ಚಗಾದ ಮೇಲೆ ಬಾಟಲಿಗೆ ಸುರಿಯಿರಿ. ಬಾಟಲಿ ಸಮೇತ ಮೈಕ್ರೋವೇವ್‌ನಲ್ಲಿ ಮಾತ್ರ ಇಡಬೇಡಿ.

ಬಾಟಲಿ ಕುದಿಸುವುದನ್ನು ಬಿಡಲೇಬೇಡಿ. ಕಣಗಳಿಗೆ ಹೆದರಿ ಕುದಿಸದೇ ಬಿಟ್ಟರೆ ಮಗುವಿಗೆ ಭೇದಿ ಹಿಡಿಯುತ್ತದೆ, ಅದು ಈ ಕ್ಷಣದ ಅಪಾಯ. ಕುದಿಸಿದ ಮೇಲೆ, ಬೇರೆಯಾಗಿ ಕಾಯಿಸಿ ಆರಿಸಿದ ನೀರಿನಲ್ಲಿ ಮೂರು ಸಲ ಜಾಲಿಸಿ. ಉಜ್ಜಲು ಮೆತ್ತನೆಯ ಬ್ರಷ್ ಸಾಕು. ಒಳಗೆ ಗೀರು ಬಿದ್ದಿದ್ದರೆ, ಬಣ್ಣ ಹಳದಿಗೆ ತಿರುಗಿದ್ದರೆ ದುಡ್ಡಿನ ಮುಖ ನೋಡದೆ ಎಸೆಯಿರಿ.

ಬಾಟಲಿಯೇ ಬೇಡ ಅನ್ನುವವರಿಗೆ ಒಳಲೆ ಇದೆ ಅಲ್ವಾ, ಮೂತಿಯಿರುವ ಪುಟ್ಟ ಹಾಲಿನ ಬಟ್ಟಲು! ಆರು ತಿಂಗಳವರೆಗೆ ಎದೆಹಾಲೇ ಸಾಕು. ಹಾಲು ಸಾಲದಿದ್ದಾಗ, ಅಮ್ಮ ಕೆಲಸಕ್ಕೆ ಹೋದಾಗ ಸ್ಟೀಲಿನ ಒಳಲೆ ಎಷ್ಟೋ ವಾಸಿ. ಕುದಿಸುವುದೂ ಸುಲಭ, ಮೂಲೆಯಲ್ಲಿ ಹಾಲು ಅಂಟಿ ಉಳಿಯುವುದೂ ಇಲ್ಲ. ಮಗುವಿನ ತಲೆ ಎತ್ತರದಲ್ಲಿರುವಂತೆ ಎತ್ತಿಕೊಳ್ಳಿ. ಒಳಲೆಯ ಮೂತಿಯನ್ನು ತುಟಿಯ ಮೂಲೆಗೆ ತಾಗಿಸಿ ಸ್ವಲ್ಪವೇ ಬಾಗಿಸಿ. ನುಂಗಿದ್ದು ಕಂಡ ಮೇಲೆ ಮತ್ತೆ ಸ್ವಲ್ಪ. ಅಂಗಾತ ಮಲಗಿಸಿ ಸುರಿದರೆ ಹಾಲು ನೆತ್ತಿಗೇರುತ್ತದೆ. ಅಜ್ಜಿಯರನ್ನು ಕೇಳಿ, ಕೈಯಲ್ಲಿ ಹಿಡಿದು ತೋರಿಸಿಕೊಡುತ್ತಾರೆ.

ಕೊನೆಗೆ ಆಟಿಕೆ. ಪಿವಿಸಿ ಎಂಬ ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡಲು ಥ್ಯಾಲೇಟ್ ಎಂಬ ರಾಸಾಯನಿಕ ಸೇರಿಸುವುದುಂಟು. ಮಗು ಚೀಪಿದಾಗ ಅದು ಜೊಲ್ಲಿಗೆ ಇಳಿಯುತ್ತದೆ. ಮೂಗಿಗೆ ಹಿಡಿದರೆ ಗಾಟು ಹೊಡೆಯುವ, ಮುಟ್ಟಿದರೆ ಅಂಟಂಟಾದ ಗೊಂಬೆ ಬೇಡ. 2021ರ ಜನವರಿಯಿಂದ ಆಟಿಕೆಗೂ ಐಎಸ್‌ಐ ಕಡ್ಡಾಯ. ಜಿಐ, ಅಂದರೆ ಒಂದು ಊರಿನ ವಿಶೇಷ ಉತ್ಪನ್ನ ಎಂಬ ಮಾನ್ಯತೆ ಪಡೆದ ಗೊಂಬೆಗಳಿಗೆ ಇದರಿಂದ ವಿನಾಯಿತಿ ಇದೆ, ಆದ್ದರಿಂದ ಅಸಲಿ ಚನ್ನಪಟ್ಟಣದ ಗಿಲಕಿಯ ಮೇಲೆ ಗುರುತು ಕಾಣದಿದ್ದರೆ ಗಾಬರಿ ಬೇಡ. ಹಾಲೆ ಮರಕ್ಕೆ ಅರಗಿನ ಬಣ್ಣ ಹಚ್ಚಿ ಮಾಡಿದ್ದು ಅದು. ಮಣಿ ಕಿತ್ತು ಬರುತ್ತದೆಯೇ ಎಂದು ಒಮ್ಮೆ ಜಗ್ಗಿ ನೋಡಿ, ಆಮೇಲೆ ಮಗುವಿನ ಕೈಗೆ ಕೊಡಿ.